ಎಡಗಡೆಯ ಸೀಟು

ಆ ಮನುಷ್ಯ ಸುಳ್ಳುಗಾರ. ಅವನ ತಲೆಯ ಮೇಲಿದ್ದ ಟೋಪಿಯೇ ಅದಕ್ಕೆ ಸಾಕ್ಷಿ. ಪೈಲಟ್ ಟೋಪಿ ಆ ದಪ್ಪ ತಲೆಗೆ ಇಳಿಯದೆ, ಮಡಕೆಯ ಮೇಲಿಟ್ಟ ತಟ್ಟೆಯಂತೆ ಕೂತಿತ್ತು. ಅದು ಎದುರಿಗೆ ನಿಂತಿದ್ದ ವೃದ್ಧೆಯ ಮನೆಯ ಗೂಟದಲ್ಲಿ ವರ್ಷಗಟ್ಟಲೆ ತೂಗುತ್ತಿದ್ದ ಟೋಪಿ. ಒಳಪಟ್ಟಿಯ ಎಣ್ಣೆಕಲೆ ಕೂಡ ಆಕೆಗೆ ಗೊತ್ತು.

ಹ್ಯಾಂಗರಿನ ಹೊರಗೆ ಹಳೆಯ ವಿಮಾನ ಮೂಗೆತ್ತಿ, ಬಾಲ ಊರಿ ನಿಂತಿತ್ತು. ಒಂದು ಕಾಲಕ್ಕೆ ಕಂಪನಿಯ ಧಣಿಗಳನ್ನು ಊರೂರಿಗೆ ಹೊತ್ತದ್ದು. ಎರಡು ಎಂಜಿನ್, ಎರಡು ಪಂಖ, ಒಳಗೆ ಎದುರುಬದುರು ಚರ್ಮದ ಸೀಟುಗಳು. ನಾಳೆ ಅದನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ. ಇವತ್ತು ಕೊನೆಯ ಸಲ ಚಾಲೂ ಮಾಡಲು ಮೆಕ್ಯಾನಿಕ್ ಒಪ್ಪಿದ್ದ. ಅದನ್ನು ಹಾರಿಸಿದವರೇ ಎಡಗಡೆಯ, ಕ್ಯಾಪ್ಟನ್ನಿನ ಸೀಟಿನಲ್ಲಿ ಕೂರಬೇಕು ಎಂದಿದ್ದ.

"ನಾನೇ ಹಾರಿಸ್ತಿದ್ದೆ," ಎಂದ ಟೋಪಿಯವನು. "ಏನು ಮಹಾ! ಮುಂದೆ ನೋಡ್ಕೊಂಡು ನೆಟ್ಟಗೆ ರನ್‌ವೇಗೆ ಹೋಗೋದು."

"ಮುಂದೆ ಏನು ಕಾಣುತ್ತೆ, ನಿಮ್ಮ ತಲೆ!" ಆಕೆಗೆ ರೇಗಿತು. "ಮೂಗು ಆಕಾಶ ನೋಡ್ತಿರುತ್ತೆ. ಹಾವಿನ ಹಾಗೆ ಆ ಕಡೆ ಈ ಕಡೆ ತಿರುಗಿಸ್ಕೊಂಡು, ಪಕ್ಕದ ಕಿಟಕೀಲಿ ದಾರಿ ನೋಡ್ಬೇಕು."

ಕೈ ಒರೆಸುತ್ತಿದ್ದ ಮೆಕ್ಯಾನಿಕ್ ಹಾಗೇ ನಿಂತ.

"ಧಣಿಗಳಿಗೆ ಹೊರಡೋ ಮುಂಚೆನೇ ಟೀ ಕೊಡ್ತಿದ್ವಿ," ಎಂದ ಟೋಪಿಯವನು.

"ಒಂದೇ ಸಲ ಕೊಟ್ಟಿದ್ದು! ನಿಂತಾಗ ಒಳಗೆಲ್ಲ ಇಳಿಜಾರು. ಕಪ್ಪು ಜಾರಿ ಧಣಿಗಳ ಮಡಿಲಿಗೇ ಬಿತ್ತು. ಬಾಲ ಮೇಲೆದ್ದ ಮೇಲೇ ಟೀ ಅಂತ ಆಮೇಲೆ ಅಪ್ಪಣೆಯಾಯ್ತು."

ತಪ್ಪು ತೋರಿಸಿದಷ್ಟೂ ಅವನ ಮುಖ ಅರಳುತ್ತಿತ್ತು. ನಾಚಿಕೆಗೆಟ್ಟವನು. ಫ್ಲಾಸ್ಕಿನಿಂದ ಟೀ ಬಗ್ಗಿಸಿ, "ಸಕ್ಕರೆ ಹಾಕಿಲ್ಲ, ಕುಡೀರಿ," ಎಂದ. ತಾನು ಸಕ್ಕರೆ ಬಿಟ್ಟದ್ದು ಇವನಿಗೆ ಹೇಗೆ ಗೊತ್ತು? ಆಕೆ ಲೋಟ ಮುಟ್ಟಲಿಲ್ಲ.

ಮೋಡ ಸೀಳಿ ಮೇಲೆ ಬಂದಾಗಿನ ಬೆಳಕು ನೆನಪಾಯಿತು. ದೇವರು ಕಣ್ಣು ಬಿಟ್ಟಂಥ ಬೆಳಕು. ಈಚೆಗೆ ನೆನಪುಗಳೆಲ್ಲ ಕೈಗೆ ಸಿಗದೆ ಜಾರುತ್ತಿದ್ದವು. ಉಳಿದದ್ದು ಈ ವಿಮಾನವೊಂದೇ. ಅದನ್ನೂ ಇವನು ದೋಚಿಕೊಂಡರೆ? ದೇವರೇ, ಆ ಸೀಟಿನಲ್ಲಿ ಇವನು ಕೂರಬಾರದು.

ಆತ ಆಗಲೇ ಹತ್ತಿದ್ದ. ಕಾಕ್‌ಪಿಟ್ಟಿನ ಬಾಗಿಲಿಗೆ ಹಣೆ ಬಡಿದುಕೊಂಡ. ಇಲ್ಲಿ ತಲೆ ತಗ್ಗಿಸಬೇಕೆಂಬುದೂ ತಿಳಿಯದು! ಎಡಗಡೆಯ ಸೀಟಿನಲ್ಲಿ ಕೂತು ಸ್ವಿಚ್ಚಿನತ್ತ ಕೈ ಚಾಚಿದ.

"ಮುಟ್ಬೇಡಿ!" ಆಕೆ ಏದುಸಿರು ಬಿಡುತ್ತಾ ಹಿಂದೆಯೇ ಬಂದಳು. "ನಿಂತ ಎಂಜಿನ್ನಲ್ಲಿ ಎಣ್ಣೆ ಕೆಳಗಿನ ಸಿಲಿಂಡರಿಗೆ ಇಳಿದಿರುತ್ತೆ. ಮೊದಲು ಪಂಖ ಕೈಯಲ್ಲಿ ತಿರುಗಿಸ್ಬೇಕು. ಇಲ್ದಿದ್ರೆ ಎಂಜಿನ್ ಒಡೆದುಹೋಗುತ್ತೆ! ಏಳಿ, ಇದು ನಿಮ್ಮ ಜಾಗ ಅಲ್ಲ."

"ಅಲ್ಲ," ಎಂದ ಆತ ಮೆತ್ತಗೆ. ಎದ್ದು, ಟೋಪಿ ತೆಗೆದು ಆಕೆಯ ತಲೆಗಿಟ್ಟ. ಅದು ಹುಬ್ಬಿನವರೆಗೆ ಸರಿಯಾಗಿ ಇಳಿದು ಕೂತಿತು.

ಆಕೆ ಆ ಸೀಟಿನಲ್ಲಿ ಕೂತಳು. ಕೈ ತಾನಾಗಿ ಹಿಡಿಗಳನ್ನು ಹುಡುಕಿಕೊಂಡಿತು. ಕೆಳಗೆ ಮೆಕ್ಯಾನಿಕ್ ಪಂಖ ತಿರುಗಿಸಿ, ಆಕೆಯ ಅಪ್ಪಣೆಗೆ ಕಾದು ನಿಂತ.

"ದೊಡ್ಡ ಉಪಕಾರವಾಯ್ತು," ಎಂದಳು ಆಕೆ, ಬಾಗಿಲಲ್ಲಿ ಹಣೆ ಉಜ್ಜಿಕೊಳ್ಳುತ್ತಿದ್ದವನಿಗೆ. "ನೀವು ಯಾರು ಅಂತ ಮಾತ್ರ ಗೊತ್ತಾಗ್ಲಿಲ್ಲ."

"ನಿನ್ನ ಗಂಡ ಕಣೇ, ಕ್ಯಾಪ್ಟನ್."