ಇವಳು

ಆ ಕಾಲದ ಎಲ್ಲ ಮುದುಕರಂತೆ ಪಾರ್ವತಕ್ಕನ ಕಣ್ಣುಗಳೂ ಮನೆಯ ಕಂಪ್ಯೂಟರ್‌ನಿಂದಲೇ ನಡೆಯುತ್ತಿದ್ದವು. ಅದಕ್ಕೆ ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕಿದ ದಿನದಿಂದ ಸೊಸೆ ನಳಿನಾಕ್ಷಿ ಮಾತ್ರ ಅವರಿಗೆ ಕಾಣುತ್ತಿರಲಿಲ್ಲ.

“ಕಾಫಿ ಲೋಟ ತಾನೇ ತೇಲ್ಕೊಂಡು ಬಂತು,” ಎಂದರು ಅತ್ತೆ. “ಹಿಂದೆ ಆ ಮೋರೆ ಇಲ್ಲ, ಪುಣ್ಯ.”

ನಳಿನಾಕ್ಷಿ ಹಲ್ಲು ಕಚ್ಚಿ ಹಳೇ ಡ್ರೈವರನ್ನೇ ಮತ್ತೆ ಹಾಕಿದಳು. ಗ್ರಾಫಿಕ್ಸ್ ಕಾರ್ಡಿನ ಧೂಳು ಒರೆಸಿ, ಎರಡು ಸಲ ರೀಸ್ಟಾರ್ಟ್ ಮಾಡಿದಳು.

“ಈಗ ಕಾಣ್ತೀನಾ ಅತ್ತೆ?”

“ಇಲ್ಲ. ಹೀಗೇ ಚೆನ್ನಾಗಿದೆ, ಬಿಡು.”

ಕೊನೆಗೆ ಸೆಟ್ಟಿಂಗ್ಸ್ ತೆರೆದಳು. ‘ತೋರಿಸಬಾರದವರು’ ಎಂಬ ಪಟ್ಟಿಯಲ್ಲಿ, ಹೊಸ ಡ್ರೈವರ್ ಹಾಕಿದ ದಿನವೇ ಅತ್ತೆ ಕಂಪ್ಯೂಟರ್‌ಗೆ ಹೇಳಿ ಸೇರಿಸಿದ್ದ ಒಂದೇ ಪದವಿತ್ತು: ‘ಇವಳು’. ಹನ್ನೊಂದು ವರ್ಷಗಳಲ್ಲಿ ಅವರು ಒಮ್ಮೆಯೂ ಸೊಸೆಯನ್ನು ಹೆಸರು ಹಿಡಿದು ಕರೆದವರಲ್ಲ.

ನಳಿನಾಕ್ಷಿ ಅದನ್ನು ಅಳಿಸಲಿಲ್ಲ. ಅದರ ಕೆಳಗೆ, ಅತ್ತೆ ತನ್ನ ಗಂಡನನ್ನು ಕರೆಯುವ ಮಾತಿನಲ್ಲೇ, ‘ನನ್ನ ಮಗ’ ಎಂದು ಸೇರಿಸಿದಳು.

“ರಿಪೇರಿ ಆಯ್ತು ಅತ್ತೆ.”