ಎರಡು ಬೀಗದ ತೂಬು

ತುಕ್ಕು ಹಿಡಿದ ಬೀಗ ಮುಟ್ಟಿ ಬೆರಳು ಮೂಸಿದರೆ, ಇವತ್ತಿಗೂ ನನಗೆ ನಮ್ಮೂರು ಕೊತ್ತತ್ತಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನೀರಿನ ಜಗಳ ಶಾಶ್ವತವಾಗಿ ತೀರಲೆಂದು ನಮ್ಮ ದೊಡ್ಡಪ್ಪನೂ ಕೆಳಗದ್ದೆಯ ಚಿಕ್ಕೇಗೌಡರೂ ಸೇರಿ ಗದ್ದೆ ಪಕ್ಕದ ಕಾಲುವೆಗೆ ಹಲಗೆಯ ತೂಬು ಇಡಿಸಿ, ಅದಕ್ಕೆ ಎರಡು ಬೀಗ ಜಡಿದಿದ್ದರು. ಒಂದರ ಬೀಗದ ಕೈ ಇವರ ಉಡಿದಾರದಲ್ಲಿ, ಇನ್ನೊಂದರದು ಅವರ ಉಡಿದಾರದಲ್ಲಿ. ಇಬ್ಬರೂ ಬಂದರಷ್ಟೇ ನೀರಿಗೆ ಅಪ್ಪಣೆ.

ಅಂದು ನೀರು ಅಪ್ಪಣೆಗೆ ಕಾಯಲಿಲ್ಲ. ಮೇಲಿನಿಂದ ಒಮ್ಮೆಲೇ ನುಗ್ಗಿ ಬಂದು, ಹಲಗೆಗೆ ತಡೆದು ಏರಿ, ಹಿಂದಿನ ದಿನವಷ್ಟೇ ಮೊಳಕೆ ಭತ್ತ ಚೆಲ್ಲಿದ್ದ ನಮ್ಮ ಸಸಿಮಡಿಯ ಬದುವನ್ನು ನೆಕ್ಕತೊಡಗಿತು. ಬದು ಒಡೆದರೆ ಬೀಜವೆಲ್ಲ ಕೊಚ್ಚಿಹೋಗುತ್ತಿತ್ತು. ಮನೆಯಲ್ಲಿ ಇನ್ನೊಂದು ಹಿಡಿ ಬಿತ್ತನೆ ಇರಲಿಲ್ಲ. ಚಿಕ್ಕೇಗೌಡರೋ, ಬೀಗದ ಕೈ ಸಮೇತ ಮದ್ದೂರಿಗೆ ಹೋಗಿದ್ದರು.

ದೊಡ್ಡಪ್ಪ ತಮ್ಮ ಬೀಗ ಬಿಚ್ಚಿ ನನ್ನ ಕೈಗಿಟ್ಟು, ಚಿಕ್ಕೇಗೌಡರ ಬೀಗಕ್ಕೆ ಕಲ್ಲೆತ್ತಿದವರು ಹಾಗೇ ನಿಂತುಬಿಟ್ಟರು.

“ಒಡಿ ಕಣ್ಲಾ!” ಎಂದು ಅಜ್ಜಿ ಕೂಗಿದಳು.

“ಒಡುದ್ರೆ ಒಪ್ಪಂದ ಮುರುದಂಗಲ್ವೇನವ್ವಾ?”

“ಗದ್ದೆ ಒಂದ್ಕಡೆ ತಗ್ಗು, ಒಂದ್ಕಡೆ ದಿಣ್ಣೆ. ನೀರು ಅದ್ರ ಮನ್ಸು ಬಂದಂಗೆ ಓಯ್ತದೆ. ಅದುನ್ನ ಸಂಬಾಳ್ಸೋದೇ ಸಾಕುಸಾಕಾಗ್ತದೆ, ನಿಮ್ಗೆ ಬೀಗ ಬೇರೆ ಕೇಡು!”

ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಎತ್ತಿದವಳೇ ತೂಬಿನ ಪಕ್ಕದ ಏರಿಯನ್ನು ಕಡಿದಳು. ನೀರು ಬೀಗವನ್ನು ಸುತ್ತುಬಳಸಿ ಕೆಳಗದ್ದೆಗೆ ಇಳಿಯಿತು. ಬದು ಉಳಿಯಿತು.

ಸಂಜೆ ಮದ್ದೂರಿನಿಂದ ಬಂದ ಚಿಕ್ಕೇಗೌಡರು ಮೊದಲು ತಮ್ಮ ಬೀಗವನ್ನು ಜಗ್ಗಿ ನೋಡಿದರು.

“ಬದ್ರವಾಗೇ ಅದೆ ಕಣಪ್ಪಾ.”

ದೊಡ್ಡಪ್ಪ ಗಂಭೀರವಾಗಿ ತಲೆಯಾಡಿಸಿ, ಅಲ್ಲಿಯವರೆಗೂ ನನ್ನ ಕೈಯಲ್ಲೇ ಇದ್ದ ತಮ್ಮ ಬೀಗವನ್ನು ಇಸಿದುಕೊಂಡು ಮತ್ತೆ ಜಡಿದರು. ಅಜ್ಜಿ ಕಡಿದ ಕಂಡಿಯಲ್ಲಿ, ಇಬ್ಬರ ಕಾಲಡಿಯಲ್ಲೇ ನೀರು ಹರಿಯುತ್ತಿತ್ತು.