ಹೊಸ್ತಿಲಾಚೆಯ ಇಂದುಮತಿ

ಬೇಡವಾದ ಗುಣವನ್ನು ಮನಸ್ಸಿನಿಂದ ಹೊರಗೆ ಹಾಕಿದರೆ ಅದು ನಮ್ಮದೇ ಮುಖ ಹೊತ್ತು ಬೆನ್ನ ಹಿಂದೆ ಅಲೆಯುವುದು ಧಾರವಾಡದಲ್ಲಿ ಯಾರಿಗೂ ಹೊಸದಲ್ಲ. ಅಂಥವನ್ನು ಮರಳಿ ಒಳಗೆ ಸೇರಿಸುವುದೇ ಇಂದುಮತಿ ಮೇಡಂ ಕೊಡುತ್ತಿದ್ದ ತರಬೇತಿ.

ಆ ಸಂಜೆ ಅಂಜುಬುರುಕ ಫಕ್ಕೀರೇಶ ತನ್ನ ಸಿಟ್ಟನ್ನು ಕರೆತಂದಿದ್ದ. ಮನೆಗೆ ಬಂದ ನೆಂಟರಿಗೆ ಕೊಡುವಂತೆ ಇಂದುಮತಿ ಅದಕ್ಕೆ ಬೆಲ್ಲ, ನೀರು ಕೊಟ್ಟು, "ಇನ್ನ ತಬ್ಬಿಕೋರಿ" ಎಂದು ನಕ್ಕಳು. ತಬ್ಬಿಕೊಂಡವರು ಇಬ್ಬರು, ತಲೆ ಎತ್ತಿದವನು ಒಬ್ಬನೇ. ಅವನ ದನಿ ಈಗ ಗಟ್ಟಿಯಾಗಿತ್ತು.

"ಮೇಡಂ, ನಿಮ್ಮ ದುಃಖ ದಿನಾ ಬಾಗಲದಾಗ ಅಳಕೋತ ನಿಂತಿರತೈತಿ. ಅದಕ್ಕ ಯಾಕ ಬೆಲ್ಲ ಕೊಡಂಗಿಲ್ರಿ?" ಎಂದು ದಬಾಯಿಸಿ ಹೊರಟುಹೋದ.

ಮಗಳು ತೀರಿಕೊಂಡ ದಿನ ಇಂದುಮತಿ ಹೊರಗೆ ಹಾಕಿದ್ದ ದುಃಖವದು. ಇನ್ನೂ ಅಂದಿನ ಸೀರೆಯನ್ನೇ ಉಟ್ಟಿತ್ತು. ಅಂದಿನಿಂದ ಇಂದುಮತಿ ಒಮ್ಮೆಯೂ ಅತ್ತಿರಲಿಲ್ಲ, ತುಟಿಯ ನಗು ಮಾಸಿರಲಿಲ್ಲ. ಅವಳು ಬೆಲ್ಲದ ತುಣುಕು ಹಿಡಿದು ಹೊಸ್ತಿಲಿಗೆ ಬಂದಳು.

"ಒಳಗ ಬಾ."

ದುಃಖ ಕೈ ಚಾಚಲಿಲ್ಲ.

"ಬರತೀನಿ. ಮೊದಲ ನಮ್ಮ ಮಗಳ ಹೆಸರ ಹೇಳು."

ಇಂದುಮತಿ ಬಾಯಿ ತೆರೆದಳು. ಎಷ್ಟು ತಡಕಾಡಿದರೂ ಹೆಸರು ಸಿಗಲಿಲ್ಲ; ದುಃಖದ ಜೊತೆ ಅದೂ ಅಂದೇ ಹೊರಗೆ ಹೋಗಿತ್ತು. ಬೆಲ್ಲ ಅಂಗೈಯಲ್ಲಿ ಕರಗುತ್ತಿತ್ತು, ತುಟಿಯ ಮೇಲಿನ ನಗು ಹೋಗಲೊಲ್ಲದು.